ತಪ್ಪು ಪ್ರಶ್ನೆಗೆ ಸರಿ ಎರರ್

ಸತ್ತವರ ದನಿಯನ್ನು ಮನೆಯಲ್ಲಿಟ್ಟುಕೊಂಡವರು ತಿಂಗಳಿಗೊಮ್ಮೆ ಅದರ ಪರೀಕ್ಷೆ ಮಾಡಿಸಲೇಬೇಕು. ಉಮಾಪತಿಯ ನೌಕರಿ ಅದೇ. ಎಲ್ಲ ಮನೆಯಲ್ಲೂ ಅವನು ಕೇಳುವುದು ಒಂದೇ ಪ್ರಶ್ನೆ, ಅದೂ ಬೇಕೆಂದೇ ಕೇಳುವ ತಪ್ಪು ಪ್ರಶ್ನೆ. ದನಿ ಉತ್ತರ ಕೊಡದೆ ಎರರ್ ತೋರಿಸಿ ನಿಂತರೆ ಪಾಸು. ಉತ್ತರ ಕೊಟ್ಟರೆ ಅದು ತಾನಿನ್ನೂ ಬದುಕಿದ್ದೇನೆಂದು ನಂಬಿದೆ ಎಂದರ್ಥ, ಅಲ್ಲೇ ಅಳಿಸಿಬಿಡಬೇಕು.

ಪುಟ್ಟಗೌರಮ್ಮ ಗಂಡನ ದನಿಯಿದ್ದ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ ಮುಂದಿಟ್ಟರು.

"ಶಿವನಂಜಪ್ಪನೋರೇ, ನಾಳೆ ನಮ್ಮನೆಗೆ ಊಟಕ್ಕೆ ಬರ್ತೀರಾ?" ಎಂದು ಉಮಾಪತಿ ಕೇಳಿದ.

ಪೆಟ್ಟಿಗೆಯೊಳಗೆ ಯಾರೋ ಉಸಿರೆಳೆದುಕೊಂಡಂತಾಯಿತು. ಮಾತು ಬರಲಿಲ್ಲ. ಹಸಿರು ದೀಪ ಹತ್ತಿತು.

"ಪಾಸಾದ್ರೇನಪ್ಪಾ?"

"ಹ್ಞೂಂ ಕಣಮ್ಮ."

ಯಾವ ಎರರ್ ಬಂದರೂ ಆ ದೀಪ ಹಸಿರಾಗುತ್ತದೆ. ಎರರ್ ಏನೆಂದು ಓದಿ ನೋಡಬೇಕೆಂಬ ನಿಯಮವಿದ್ದರೂ ಹನ್ನೊಂದು ವರ್ಷದಿಂದ ಅವನು ನೋಡುತ್ತಿದ್ದದ್ದು ದೀಪವನ್ನಷ್ಟೇ. 'ನಾನು ತೀರಿಕೊಂಡಿದ್ದೇನೆ' ಎಂದಲ್ಲದೆ ಇನ್ನೇನಿರುತ್ತದೆ ಎಂಬ ಉದಾಸೀನ. ಇವತ್ತು ಸಹಿ ಹಾಕುವಾಗ ಅಕಸ್ಮಾತ್ತಾಗಿ ಪರದೆಯ ಮೇಲೆ ಕಣ್ಣು ಬಿತ್ತು.

'ಎರರ್: ಬರ್ತೀನಿ ಅಂದರೆ ಅಳಿಸಿಬಿಡುತ್ತೀರಿ. ಅವಳು ಒಬ್ಬಳೇ ಆಗುತ್ತಾಳೆ.'

"ಏನಂತೆ?" ಪುಟ್ಟಗೌರಮ್ಮ ಕೇಳಿದರು.

"ಏನಿಲ್ಲ, ಎಲ್ಲಾ ಸರಿಯಾಗಿದೆ," ಎಂದು ಸಹಿ ಹಾಕಿದ.

ಅವನ ತಾಯಿಗೆ ಇಂಥ ಉಪಾಯ ಹೊಳೆದಿರಲಿಲ್ಲ. ಮೊದಲ ತಿಂಗಳೇ, ಪ್ರಶ್ನೆ ಮುಗಿಯುವ ಮುಂಚೆ, "ಬರ್ತೀನಿ ಮಗಾ" ಎಂದಿದ್ದಳು. ಅಳಿಸಿದವನು ಅವನೇ.