ಕೂಸಿಗೆ ಎರೆದವರು

“ನಡೆಯುತ್ತಾರಾ ಅಂತ ಕೇಳಬೇಡಿ. ಆ ಮಾತು ನಾನು ಕೊಡಲಾರೆ,” ಎಂದರು ಡಾಕ್ಟರು, ಎಕ್ಸರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು. ಬಾದನಹಟ್ಟಿಯ ಗವಿಸಿದ್ದಪ್ಪನಿಗೆ ಅದರಲ್ಲಿ ಹೊಗೆಯಂಥ ಕಪ್ಪು ಬಿಟ್ಟು ಬೇರೇನೂ ಕಾಣಲಿಲ್ಲ. ಡಾಕ್ಟರು ಬೆರಳಿಟ್ಟು ತಿಳಿಸಿ ಹೇಳಿದರು. ಮೂರು ವರ್ಷದ ಹಿಂದೆ ಅವನ ಹೆಂಡತಿ ಅಕ್ಕನಾಗಮ್ಮನ ಎದೆಯಿಂದ ತೆಗೆದ ಗಂಟಿನ ರೋಗವೇ ಈಗ ಬೆನ್ನುಮೂಳೆಗೆ ಇಳಿದಿತ್ತು. ಅದು ಒಳಗೊಳಗೇ ತಿಂದು ಟೊಳ್ಳಾಗಿಸಿದ್ದ ಮೂಳೆ, ಆಕೆ ನೀರಿನ ಕೊಡ ಎತ್ತಲು ಬಗ್ಗಿದ ದಿನ ಕುಸಿದು ನರದ ಹುರಿಯ ಮೇಲೆ ಕೂತಿತ್ತು. ಅದಕ್ಕೇ ಸೊಂಟದ ಕೆಳಗೆ ಸ್ಪರ್ಶವಿಲ್ಲ. ಮೇಲೆ, ಮಗ್ಗುಲು ಬದಲಿಸಿದರೆ ಜೀವ ಹೋಗುವಂಥ ನೋವು.

“ಒತ್ತಿಕೊಂಡ ಚೂರುಗಳನ್ನು ತೆಗೆದು, ಎರಡೂ ಬದಿಗೆ ಸ್ಟೀಲಿನ ಸರಳು ಕೂರಿಸಬಹುದು. ನೋವು ತಗ್ಗುತ್ತದೆ. ಎದ್ದು ಕೂರಬಹುದು. ರೋಗ ಮಾತ್ರ ಹೋಗುವುದಿಲ್ಲ.”

“ಎಷ್ಟ ದಿನ್ರಿ?”

“ನಾಲ್ಕು ತಿಂಗಳು. ಆರಾದರೆ ನಮ್ಮ ಪುಣ್ಯ.”

ಎಂಬತ್ತೆರಡರ ಬೇಸಿಗೆ ಅದು. ಗವಿಸಿದ್ದಪ್ಪ ಟವಲಿನಿಂದ ಮುಖ ಒರೆಸಿಕೊಂಡು ವಾರ್ಡಿನ ಕಡೆ ನಡೆದ. ನಾಲ್ಕು ತಿಂಗಳ ಬಾಳಿಗೆ ಬೆನ್ನು ಸೀಳಿಸಬೇಕೇ? ಸಂಜೆಯ ಬಸ್ಸಿಗೇ ಊರಿಗೆ ಕರೆದೊಯ್ಯುವುದೇ ಸರಿ ಎಂದುಕೊಂಡ. ಆದರೆ ಅಕ್ಕನಾಗಮ್ಮ “ಡಾಕ್ಟ್ರು ಏನಂದ್ರು? ಖರೇ ಹೇಳ್ರಿ,” ಎಂದಾಗ ಎಲ್ಲವನ್ನೂ ಹೇಳಿಬಿಟ್ಟ. ಮದುವೆಯಾದಂದಿನಿಂದ ಆಕೆಯ ಮುಂದೆ ಅವನ ಸುಳ್ಳು ಒಂದೂ ನಿಂತಿರಲಿಲ್ಲ.

ಆಕೆ ಕೇಳಿದಳು, “ಕುಂದ್ರಾಕ ಬರ್ತೈತಿ ಅಂದಾರೇನು?”

“ಹೂಂ. ಬರೇ ಕುಂದ್ರಾಕ. ಅಷ್ಟಕ್ಕ ಯಾಕ ಕೊಯ್ಸಿಕೊಳ್ಳೂದು? ಮನಿಗಿ ಹೋಗೂನು ನಡಿ ನಾಗೀ.”

“ಮನಿಗಿ ಹೋಗಿ ಏನ್ ಮಾಡ್ಲಿ, ಮಕ್ಕೊಂಡು ಜಂತಿ ಎಣಿಸ್ಲೇನು? ನಮ್ಮ ವಿರೂಪಿಗೆ ಏಳು ತಿಂಗಳಾತು. ಚೊಚ್ಚಲ ಬಸುರಿ. ಸಿರುಗುಪ್ಪದಾಗ ಅತ್ತಿ ಇಲ್ಲದ ಮನಿ ಆಕೀದು. ನಾ ಇಲ್ಲಂದ್ರ ಕೂಸಿಗೆ ಯಾರು ಎರೀತಾರ?” ಉಸಿರು ತೆಗೆದುಕೊಂಡು ಮತ್ತೆ ಅಂದಳು, “ಎರಿಯಾಕ ನಡೀಬೇಕೇನ್ರಿ? ಕುಂತ್ರ ಸಾಕು. ಹೋಗ್ರಿ, ಸೈ ಹಾಕಿ ಬರ್ರಿ.”

ಆಪರೇಶನ್ನು ಐದು ತಾಸು ನಡೆಯಿತು. ಹೊರಗೆ ತಂದಾಗ ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅದರ ಮೇಲೆ ಹತ್ತು ದಿನ ಬಿಡದ ಜ್ವರ. ಸಹಿ ಹಾಕಿದ ಕೈಯನ್ನು ಗವಿಸಿದ್ದಪ್ಪ ಆ ಹತ್ತು ದಿನವೂ ಬೈದುಕೊಂಡ. ಹದಿನಾರನೆಯ ದಿನ ಇಬ್ಬರು ನರ್ಸುಗಳು ಆಕೆಯನ್ನು ಎಬ್ಬಿಸಿ ಕೂರಿಸಿದರು. ತಿಂಗಳಿಂದ ಬರೀ ಸೂರು ನೋಡಿದ್ದ ಅಕ್ಕನಾಗಮ್ಮ ಕಿಟಕಿಯಾಚೆ ಕಣ್ಣರಳಿಸಿ, “ಅಯ್ಯ, ಗುಡ್ಡ ಕಾಣ್ತೈತಿ ನೋಡ್ರಿ!” ಎಂದಳು. ಕಾಲುಗಳು ಮಾತ್ರ ಮರಳಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಮೂರು ಸಲ ಹೇಳಿದರು, “ಬಗ್ಗಬಾರದು ಕಣಮ್ಮ. ಒಂದು ಗೇಣೂ ಬಗ್ಗಬಾರದು.”

ಮಗಳು ವಿರೂಪಮ್ಮ ಕುರುಗೋಡಿನ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹೆತ್ತು ತವರಿಗೆ ಬಂದಳು. ಹನ್ನೊಂದನೆಯ ದಿನ ಗವಿಸಿದ್ದಪ್ಪ ಹೆಂಡತಿಯನ್ನು ಎತ್ತಿಕೊಂಡು ಹೋಗಿ, ಬಚ್ಚಲಲ್ಲಿ ಮಣೆಯ ಮೇಲೆ ಗೋಡೆಗೆ ಆನಿಸಿ, ಕಾಲು ನೀಡಿಸಿ ಕೂರಿಸಿದ. ಆ ಕಾಲುಗಳಿಗೆ ಬಿಸಿ ತಿಳಿಯದು. ಅದಕ್ಕೆ ಹಂಡೆಯ ನೀರಿಗೆ ತಾನೇ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಮುಂದಿಟ್ಟ. ಮಗಳು ಕೂಸನ್ನು ಆಕೆಯ ತೊಡೆಯ ಮೇಲೆ ಮಲಗಿಸಿದಳು. ಅಕ್ಕನಾಗಮ್ಮ ಕಂಬದಂತೆ ನೆಟ್ಟಗೆ ಕೂತಳು, ಬಗ್ಗಲಿಲ್ಲ. ಕಣ್ಣು ಮಾತ್ರ ಕೆಳಗೆ, ಕೈ ಮಾತ್ರ ಆಡುತ್ತಿತ್ತು. ಎಣ್ಣೆ ತಿಕ್ಕಿದಳು, ಕಡಲೆಹಿಟ್ಟು ಹಚ್ಚಿದಳು, ಎರೆದಳು. ಅರ್ಧದಲ್ಲಿ ಆ ಕೈ ನಿಂತಿತು.

“ನೋಯಾಕತ್ತೈತೇನು?” ಗವಿಸಿದ್ದಪ್ಪ ಗಾಬರಿಯಾದ.

“ಇಲ್ರಿ. ಕೂಸಿನ ಭಾರ ತಿಳೀವಲ್ದು.”

ಆಕೆ ಅಂಗೈಯನ್ನು ಕೂಸಿನ ಬೆನ್ನಡಿಗೆ ತೂರಿಸಿ, ತುಸು ಎತ್ತಿ ಹಿಡಿದು ನೋಡಿದಳು. “ಹಾಂ... ಐತಿ,” ಎಂದು ತನಗೇ ಹೇಳಿಕೊಂಡು ಮತ್ತೆ ತಂಬಿಗೆಗೆ ಕೈಹಾಕಿದಳು.

ಇಪ್ಪತ್ತೇಳು ದಿನ ಹಾಗೆ ಎರೆದಳು. ಇಪ್ಪತ್ತೆಂಟನೆಯ ದಿನ ಏಳಲಾಗಲಿಲ್ಲ. ಉಸಿರು ಕಟ್ಟುತ್ತ ಕಟ್ಟುತ್ತ ವಾರದೊಳಗೆ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೂರನೆಯ ಬೆಳಿಗ್ಗೆ ನೆಂಟರು ಚದುರಿದ್ದರು. ವಿರೂಪಮ್ಮ ನೀರು ಕಾಸಿ, ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಬರಿದಾದ ಮಣೆ ನೋಡಿ ಅಲ್ಲೇ ಬಾಗಿಲಿಗೆ ಒರಗಿ ಅಳತೊಡಗಿದಳು. ಕೂಸೂ ಅಳತೊಡಗಿತು. ಗವಿಸಿದ್ದಪ್ಪ ಬಂದು, ಧೋತರ ಮೇಲೆ ಕಟ್ಟಿ, ಗೋಡೆಗೆ ಬೆನ್ನು ಹಚ್ಚಿ ಕಾಲು ನೀಡಿ ಕೂತ.

“ತಾ ಇಲ್ಲಿ.”

“ನಿನಗೆಲ್ಲಿ ಬರ್ತೈತಪ್ಪ?”

“ದಿನಾ ನೋಡೀನಲ್ಲ, ತಾ.”

ಮೊದಲು ಎಣ್ಣೆ, ಆಮೇಲೆ ಹಿಟ್ಟು. ಎಲ್ಲ ಒಂದಾದ ಮೇಲೊಂದು ಮಾಡಿದ. ನೀರು ಎರೆಯುವಾಗ ಮಾತ್ರ ಕೂಸು ಕೈಗೆ ಎಟುಕದೆ ಜಾರುತ್ತಿತ್ತು, ನೀರು ಅರ್ಧಕ್ಕರ್ಧ ಹೊರಗೇ ಬೀಳುತ್ತಿತ್ತು. ಆದರೂ ಅವನು ಗೋಡೆಗೆ ಅಂಟಿ, ಕಂಬದ ಹಾಗೆ ನೆಟ್ಟಗೆ ಕೂತೇ ಇದ್ದ.

ಮಗಳು ಸ್ವಲ್ಪ ಹೊತ್ತು ನೋಡಿದಳು. ಸೆರಗಿನಿಂದ ಮೂಗೊರೆಸಿಕೊಂಡು ಮೆಲ್ಲಗೆ ಹೇಳಿದಳು:

“ಅಪ್ಪಾ, ನೀ ಬಗ್ಗಬೌದು.”