ನಾಲ್ಕು ತೂತಿನ ಸಾಕೆಟ್ಟು

ಹಳೆ ಸಾಮಾನಿನವನು ರೇಡಿಯೊದ ಹಿಂಬದಿ ನೋಡಿದವನೇ ಅದನ್ನು ಮೆಟ್ಟಿಲ ಮೇಲಿಟ್ಟು ಕೈ ಒರೆಸಿಕೊಂಡ.

"ಇದನ್ನ ನಾನು ಮುಟ್ಟಲ್ಲ ಅಕ್ಕಾ. ನನಗೂ ಹೆಂಡ್ತಿ ಮಕ್ಕಳಿದಾರೆ."

"ರೇಡಿಯೊಗೂ ನಿನ್ನ ಹೆಂಡ್ತಿಗೂ ಏನಯ್ಯಾ ಸಂಬಂಧ?" ಎಂದಳು ಇನ್ಶಿರಾ.

"ಹಿಂದೆ ನೋಡಿ. ನಾಲ್ಕು ತೂತಿನ ಸಾಕೆಟ್ಟು, ಹಸಿರು ಬಣ್ಣ. ಹಾಡು ಕೇಳೋಕೆ ಇದೆಲ್ಲ ಯಾಕೆ? ಇದು ಸೈನ್ಯದ್ದು."

ಗಾಡಿ ತಳ್ಳಿಕೊಂಡು ಹೊರಟೇಹೋದ. ಇನ್ಶಿರಾಳಿಗೆ ಬೇಕಿದ್ದದ್ದು ಹೊಸ ವಾಷಿಂಗ್ ಮೆಷಿನ್‌ಗೆ ಒಂದಿಷ್ಟು ಜಾಗ. ಗಂಡ ಶೌಕಿ ಪಿಂಚಣಿ ಕಚೇರಿಯ ಸಾಲಿನಲ್ಲಿ ನಿಂತು ಮುಗಿಸುವಷ್ಟರಲ್ಲಿ ಅವನ ಮುದಿ ರೇಡಿಯೊವನ್ನು ಸಾಗಹಾಕೋಣವೆಂದು, ಅದರ ಬೆನ್ನಿಗೆ ಚುಚ್ಚಿದ್ದ ದಪ್ಪ ತಂತಿಯನ್ನು ಕಿತ್ತು, ಪೆಟ್ಟಿಗೆಯನ್ನಷ್ಟೇ ಹೊರಗೆ ತಂದಿದ್ದಳು. ತಂತಿ ಬೀರುವಿನ ಹಿಂದೆ ಗೋಡೆಯೊಳಗೆ ಹೋಗುತ್ತಿತ್ತು. ಅದು ಆಂಟೆನಾ ಎಂದು ಶೌಕಿ ಹೇಳಿದ್ದ. ಗಂಡ ಹೇಳಿದ್ದನ್ನು ನಂಬುವ ವಯಸ್ಸಿನಲ್ಲಿ ಹೇಳಿದ್ದ.

ಅವನು ದಿನಾ ಸಂಜೆ ನಾಲ್ಕು ಗಂಟೆಗೆ ಬಾಗಿಲು ಹಾಕಿಕೊಂಡು ವಾರ್ತೆ ಕೇಳುತ್ತಿದ್ದ. ಒಮ್ಮೊಮ್ಮೆ ಒಳಗಿಂದ ನಗು ಬರುತ್ತಿತ್ತು. ಈಜಿಪ್ಟಿನ ವಾರ್ತೆಗೆ ನಗುವುದು ಅಂಥ ವಿಶೇಷವೇನಲ್ಲವಾದ್ದರಿಂದ ಅವಳು ತಲೆಕೆಡಿಸಿಕೊಂಡಿರಲಿಲ್ಲ. ಅವನಿಗೆ ಬೇರೆ ಸುಖವಾದರೂ ಏನಿತ್ತು? ಮೇಲಿನ ಮನೆಯ ಅಣ್ಣ ರಿಫಾತನ ಜೊತೆ ಮಾತು ಬಿಟ್ಟು ಹತ್ತೊಂಬತ್ತು ವರ್ಷ. ತಾರಸಿಯ ಪಾರಿವಾಳದ ಗೂಡಿನ ಜಗಳ. ಅಲ್ಲಿಯವರೆಗೆ ಎರಡು ಸಂಸಾರಕ್ಕೂ ಒಂದೇ ಅಡುಗೆಮನೆ. ಶುಕ್ರವಾರ ಒಂದೇ ಮೇಜಿನ ಸುತ್ತ ಇನ್ಶಿರಾ, ಓರಗಿತ್ತಿ ಸನಿಯಾ, ಇಬ್ಬರ ತಾಯಂದಿರು, ಮುಲುಖಿಯಾ ಸೊಪ್ಪಿನ ಸಾರಿನಲ್ಲಿ ಬೆಳ್ಳುಳ್ಳಿ ಹೆಚ್ಚೋ ಕಡಿಮೆಯೋ ಎಂಬ ಮಹಾಯುದ್ಧ. ಆಮೇಲೆ ಎಲ್ಲ ನಿಂತಿತು. ಈಗ ಶುಕ್ರವಾರದ ನಮಾಜು ಮುಗಿದ ಮೇಲೆ ಅಣ್ಣನೋ ತಮ್ಮನೋ ಮೆಟ್ಟಿಲಲ್ಲಿ ನಿಂತು ಶುಬ್ರಾ ಬಡಾವಣೆಯ ಇಡೀ ಗಲ್ಲಿಗೆ ಕೇಳುವಂತೆ ಬೈಯುತ್ತಿದ್ದ. ಗಂಡಂದಿರ ಮಾನಕ್ಕಾಗಿ ಹೆಂಗಸರೂ ಮಾತು ಬಿಟ್ಟಿದ್ದರು.

ಇನ್ಶಿರಾ ರೇಡಿಯೊ ಹೊತ್ತು ಅತಬಾ ಮಾರುಕಟ್ಟೆಗೆ ಹೋದಳು. ಮೊದಲ ಅಂಗಡಿಯ ಪಂಡಿತ, ಸಾಕೆಟ್ಟು ರಷ್ಯಾದ ವಿಮಾನದ್ದೆಂದ. ಎರಡನೆಯವನು ಜಲಾಂತರ್ಗಾಮಿಯದ್ದೆಂದ. ಇಬ್ಬರೂ ರೇಡಿಯೊ ಬಿಚ್ಚಿ ನೋಡಲಿಲ್ಲ; ಅಷ್ಟು ದೊಡ್ಡ ಪಂಡಿತರು.

ಮೂರನೆಯವನು ವದೀ, ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದ ಮುದುಕ. ಸ್ಕ್ರೂ ಬಿಚ್ಚಿದ, ಟಾರ್ಚು ಹಾಕಿದ, ಆಮೇಲೆ ಬಾಯಿ ಬಿಟ್ಟ.

"ಇದಕ್ಕೆ ಚುಚ್ಚಿದ್ದ ತಂತಿ ಎಲ್ಲಿ ತಾಯಿ?"

"ಆಂಟೆನಾನಾ? ಮನೇಲಿದೆ."

"ಆಂಟೆನಾಗೆ ಒಂದೇ ಎಳೆ ಸಾಕು, ನಾಲ್ಕು ತೂತು ಯಾಕೆ? ಇದು ಹಳೇ ಟೆಲಿಫೋನಿನ ಸಾಕೆಟ್ಟು, ಯಾರೋ ಕೈಯಾರೆ ಕೂರಿಸಿದಾರೆ. ಈ ಗುಂಡಿ ಒತ್ತಿದ್ರೆ ಮಾತಾಡಬಹುದು, ಬಿಟ್ರೆ ಕೇಳಬಹುದು. ಆ ಕಡೆ ಇಂಥದ್ದೇ ಇನ್ನೊಂದು ಇರುತ್ತೆ."

"ಆ ಕಡೆ ಅಂದ್ರೆ?"

"ಅದನ್ನ ನಿಮ್ಮ ಯಜಮಾನರನ್ನೇ ಕೇಳಬೇಕು" ಎಂದು ಮುದುಕ ಸ್ಕ್ರೂ ಬಿಗಿದ.

ಟ್ಯಾಕ್ಸಿಯಲ್ಲಿ ಇನ್ಶಿರಾ ರೇಡಿಯೊವನ್ನು ಶಾಲಿನಲ್ಲಿ ಮುಚ್ಚಿಟ್ಟುಕೊಂಡಳು. ಎರಡು ವರ್ಷದ ಹಿಂದೆ ಗಲ್ಲಿಯ ಗಣಿತದ ಮೇಷ್ಟ್ರನ್ನು ಯಾರೋ ಬಂದು ಕರೆದೊಯ್ದಿದ್ದರು. ಕಾಫಿ ಅಂಗಡಿಯಲ್ಲಿ ಆಡಿದ ಮಾತು ಯಾರ ಕಿವಿಗೆ ಹೇಗೆ ಮುಟ್ಟಿತೆಂದು ಯಾರಿಗೂ ಗೊತ್ತಾಗಲಿಲ್ಲ. ಮೇಷ್ಟ್ರ ಹೆಂಡತಿಗೆ ಶೌಕಿಯೇ ಎರಡು ತಿಂಗಳು ರೊಟ್ಟಿ ತಂದುಕೊಟ್ಟಿದ್ದ. ಎಂಥ ಕರುಣೆ ಎಂದುಕೊಂಡಿದ್ದಳು. ಈಗ ಆ ರೊಟ್ಟಿ ಪಾಪಪರಿಹಾರದ್ದೋ ಎನಿಸಿತು. ಮೂವತ್ತು ವರ್ಷ ಒಬ್ಬ ಪೊಲೀಸ್ ಮಾಹಿತಿಗಾರನ ಕಾಲುಚೀಲ ಒಗೆದೆನೇ?

ನಾಲ್ಕು ಗಂಟೆ ಆಗುತ್ತಿದ್ದರೂ ಶೌಕಿ ಇನ್ನೂ ಬಂದಿರಲಿಲ್ಲ. ಅವಳು ತಂತಿ ಚುಚ್ಚಿದಳು. ಅತ್ತ ಕಡೆ ಯಾರೇ ಇರಲಿ, ದೊಡ್ಡ ಅಧಿಕಾರಿಯೇ ಇರಲಿ, ಮೇಷ್ಟ್ರು ಎಲ್ಲಿ ಎಂದು ಕೇಳಿಯೇ ಬಿಡುವುದು. ಗುಂಡಿ ಒತ್ತಿದಳು. ಬಾಯಿ ತೆರೆದರೆ ಕೆಮ್ಮಷ್ಟೇ ಬಂತು. ಗುಂಡಿ ಬಿಟ್ಟಳು.

ಪೆಟ್ಟಿಗೆ ಗೊರಗೊರ ಎಂದು ಮಾತಾಡಿತು. ಹತ್ತೊಂಬತ್ತು ವರ್ಷದಿಂದ ಮೆಟ್ಟಿಲಲ್ಲಿ ಕೇಳಿದ ದನಿ. ಅಷ್ಟೂ ವರ್ಷದಲ್ಲಿ ಅದು ಮೆತ್ತಗೆ ಮಾತಾಡಿದ್ದನ್ನು ಮಾತ್ರ ಅವಳು ಕೇಳಿರಲಿಲ್ಲ.

"ಎಲ್ಲಿ ಹಾಳಾಗಿ ಹೋಗಿದ್ಯೋ ತಮ್ಮಾ? ಅನಾಹುತ ಆಗ್ತಿದೆ. ಸನಿಯಾ ಕರಗಿದಾಳೆ ಕಣೋ, ನಿನ್ನ ಇನ್ಶಿರಾನ ಊಟಕ್ಕೆ ಕರೀತೀನಿ ಅಂತಾಳೆ. ಮತ್ತೆ ಅದೇ ಮೇಜು, ಅದೇ ಬೆಳ್ಳುಳ್ಳಿ ರಗಳೆ! ಈ ಶುಕ್ರವಾರ ಬೈಯೋ ಸರದಿ ನಿಂದು, ಸ್ವಲ್ಪ ಜೋರಾಗೇ ಬೈ!"