ಚೀಲದಿಂದ ಇಳಿಯದ ಮೋತಿ

ಎಲ್ಲರಿಗೂ ನಮಸ್ಕಾರ. ಒಂದೊಂದೇ ಅಕ್ಷರ ಹುಡುಕಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ಇವತ್ತು ಓಣಿಯ ಗಟಾರಕ್ಕೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆ. ಆ ವಾಸನೆಗೆ ಶಹಾಬಾದಿನ ಒಂದು ಮಧ್ಯಾಹ್ನ ನೆನಪಾಯಿತು.

ನಾನಾಗ ಸಣ್ಣ ಹುಡುಗ, ನಾವು ಚಿಂಚೋಳಿಯಿಂದ ಅಲ್ಲಿಗೆ ಹೊಸದಾಗಿ ಬಂದಿದ್ದೆವು. ನನಗೆ ಗೆಳೆಯರಿರಲಿಲ್ಲ, ಮೋತಿ ಎಂಬ ನಾಯಿಮರಿ ಇತ್ತು. ಅದಕ್ಕೆ ರೋಗ ಬಾರದಂತೆ ಹಾಕುವ ಮೊದಲನೇ ಸೂಜಿ ಮಾಡಿಸಿದ್ದೆವು.

"ಊರಾಗಿನ ನಾಯಿಗೋಳಿಗಿ ವಾಂತಿ-ಭೇದಿ ಬ್ಯಾನಿ ಬಂದದ. ಎಲ್ಲಾ ಸೂಜಿ ಮುಗಿಯೋತನಕ ಹೊರಗ ನೆಲಕ್ಕ ಬಿಡಬ್ಯಾಡ್ರಿ," ಎಂದಿದ್ದರು ಡಾಕ್ಟರು.

ಅದಕ್ಕೇ ಸಂತೆಚೀಲದಲ್ಲಿ ಅದನ್ನು ಕೂರಿಸಿ, ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದೆ. ಅದರ ಮೆತ್ತನೆಯ ಕಿವಿ ನನ್ನ ಗದ್ದಕ್ಕೆ ತಾಗುತ್ತಿತ್ತು.

ಅವತ್ತು ಬಯಲಿನಲ್ಲಿ ಆಡುತ್ತಿದ್ದ ಹುಡುಗರು ಮೊದಲ ಸಲ ನನ್ನನ್ನು ಕರೆದರು.

"ಏ ಹೊಸಬ, ಬಾರಲೇ. ಮರಿ ಕೆಳಗ ಬಿಡು, ಓಡಸಮು."

"ಬಿಡಂಗಿಲ್ಲ. ಬ್ಯಾನಿ ಹತ್ತತದ."

"ಸೂಜಿ ಮಾಡ್ಸಿಲ್ಲೇನು?"

"ಒಂದೇ ಆಗ್ಯಾದ."

"ನಿನ್ನ ನಾಯಿಗಿ ಪಲ್ಲಕ್ಕಿ ಬೇಕೇನಲೇ?" ಎಂದು ಒಬ್ಬ ನಕ್ಕ. "ಬಿಟ್ರ ಆಟಕ್ಕ ಬಾ. ಇಲ್ಲಂದ್ರ ನಡಿ."

ಇಳಿಯಲು ಮೋತಿಯೂ ಒದ್ದಾಡುತ್ತಿತ್ತು. ನಾನು ಚೀಲವನ್ನು ಎರಡೂ ಕೈಯಲ್ಲಿ ಅವಚಿಕೊಂಡು ಮನೆಗೆ ಬಂದೆ.

ಅಜ್ಜಿ ಎಂದಿನಂತೆ ಬಾಗಿಲಲ್ಲೇ ತಡೆದು, ಹೊರಗಿನ ರೋಗ ಮರಿಗೆ ತಾಗದಿರಲೆಂದು ನನ್ನ ಚಪ್ಪಲಿಗೆ ಬ್ಲೀಚಿಂಗ್ ನೀರು ಸುರಿದಳು.

"ಅದರ ಕಾಲಿಗಿ ಮಣ್ಣು ಹತ್ತಿಲ್ಲ, ನಿನ್ನ ಕಾಲು ತೊಳಕೋ. ಯಾರ ಜೋಡಿ ಆಡಿ ಬಂದಿ?"

"ಭಾಳ ಮಂದಿ ಜೋಡಿ, ಆಯಿ."

ಅಜ್ಜಿ ನನ್ನ ಕಾಲು ನೋಡಿದಳು. ಆಡಿ ಬಂದವನ ಕಾಲಿನಲ್ಲಿರುವಷ್ಟು ಧೂಳು ಅಲ್ಲಿರಲಿಲ್ಲ. ಅವಳು ಇನ್ನೊಂದು ತಂಬಿಗೆ ನೀರು ಹಾಕಿ, ತಾನೇ ಬಗ್ಗಿ ತಿಕ್ಕಿ ತೊಳೆದಳು.

ಮೋತಿ ಹನ್ನೆರಡು ವರ್ಷ ಬದುಕಿತು. ನೀವೂ ಹೀಗೆ ಯಾವುದಾದರೂ ಮರಿಯನ್ನು ಕಾಯ್ದಿದ್ದರೆ ಬರೆಯಿರಿ, ಓದುತ್ತೇನೆ.